ನಮ್ಮ ಐಪಿ ಬ್ಲಾಕನ್ನು ಬೇರೆ ಯಾರೋ ಅನೌನ್ಸ್ ಮಾಡಿದರು. ಆರ್‌ಒಎ ಹಾಕಿದರೆ ಸಾಕಾ?

ಕೇಬಲ್‌ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ತಾಲ್ಲೂಕು ಮಟ್ಟದ ಸಣ್ಣ ಐಎಸ್‌ಪಿ. ಮೊದಲು ಬರೀ ಕೇಬಲ್ ಟಿವಿ ಇತ್ತು, ಆಮೇಲೆ ಫೈಬರ್ ಎಳೆದೆವು. ನಾಲ್ಕು ಸಾವಿರ ಮನೆ ಇರಬಹುದು. ಸ್ವಂತ ಎಎಸ್ ನಂಬರ್ (ಇಂಟರ್ನೆಟ್‌ನಲ್ಲಿ ನಮ್ಮ ನೆಟ್‌ವರ್ಕಿನ ಗುರುತಿನ ಸಂಖ್ಯೆ) ಇದೆ, 103ರಿಂದ ಶುರುವಾಗುವ ಒಂದು /22 ಇದೆ, ಅಂದರೆ ತಲಾ 256 ಐಪಿ ಇರುವ ನಾಲ್ಕು /24 ಸೇರಿದ ಬ್ಲಾಕ್. ನಮಗೆ ಇಂಟರ್ನೆಟ್ ಕೊಡುವ ದೊಡ್ಡ ಕಂಪನಿಗಳು, ಅಂದರೆ ಅಪ್‌ಸ್ಟ್ರೀಮ್, ಎರಡು. ನೆಟ್‌ವರ್ಕ್ ಟೀಮ್ ಅಂದರೆ ನಾನೊಬ್ಬನೇ, ಜೊತೆಗೆ ಸ್ಪ್ಲೈಸಿಂಗ್ ಮಾಡುವ ಇಬ್ಬರು ಹುಡುಗರು.

ಹೋದ ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಫೋನ್ ಶುರುವಾಯಿತು. ಪೇಟೆಯ ಅರ್ಧ ಭಾಗದಲ್ಲಿ ಬ್ಯಾಂಕ್ ಆ್ಯಪ್ ತೆರೆಯುತ್ತಿಲ್ಲ, ಯುಪಿಐ ಹೋಗುತ್ತಿಲ್ಲ, ಆದರೆ ಯೂಟ್ಯೂಬ್ ಮಾತ್ರ ಏನೂ ಆಗದವರ ಹಾಗೆ ಓಡುತ್ತಿದೆ. ಇನ್ನರ್ಧ ಪೇಟೆಗೆ ಏನೂ ತೊಂದರೆ ಇಲ್ಲ. ನಾನು ಓಎಲ್‌ಟಿ (ಮನೆಗಳ ಫೈಬರ್ ಬಂದು ಸೇರುವ ಪೆಟ್ಟಿಗೆ) ರೀಬೂಟ್ ಮಾಡಿದೆ, ಡಿಎನ್‌ಎಸ್ ಬದಲಾಯಿಸಿದೆ, ಸಿಜಿನ್ಯಾಟ್ ಬಾಕ್ಸ್ (ಒಂದೇ ಐಪಿಯನ್ನು ಹಲವು ಮನೆಗಳಿಗೆ ಹಂಚುವ ಪೆಟ್ಟಿಗೆ) ಆಫ್ ಮಾಡಿ ಆನ್ ಮಾಡಿದೆ. ಮೂರು ಗಂಟೆ ಹೀಗೇ ಹೋಯಿತು. ಕೊನೆಗೆ ಬೆಂಗಳೂರಿನ ಗೆಳೆಯನೊಬ್ಬ ಲುಕಿಂಗ್ ಗ್ಲಾಸ್‌ನಲ್ಲಿ (ಬೇರೆಯವರ ರೂಟರ್‌ಗೆ ಯಾವ ದಾರಿ ಕಾಣುತ್ತಿದೆ ಅಂತ ತೋರಿಸುವ ಸೈಟ್) ನೋಡಿ, ನಿಮ್ಮ ಮೂರನೇ /24 ಬೇರೆ ಯಾವುದೋ ಎಎಸ್‌ನಿಂದ ಬರುತ್ತಿದೆ ಮಾರಾಯ ಅಂದ. ನಮ್ಮ ಸಿಜಿನ್ಯಾಟ್ ಪೂಲ್‌ನಲ್ಲಿ ಒಂದು ಅರ್ಧ ಇರುವುದು ಅದೇ /24ರಲ್ಲಿ.

ಅಪ್‌ಸ್ಟ್ರೀಮ್‌ಗೆ ಫೋನ್ ಮಾಡಿದರೆ ಟಿಕೆಟ್ ರೈಸ್ ಆಗಿದೆ ಸರ್ ಅನ್ನುವ ಒಂದೇ ಮಾತು. ಸಂಜೆ ನಾಲ್ಕಕ್ಕೆ ತಾನಾಗಿಯೇ ಸರಿಹೋಯಿತು. ಬೇರೆ ರಾಜ್ಯದ ಯಾವುದೋ ಆಪರೇಟರ್, ಪ್ರಿಫಿಕ್ಸ್ (ಐಪಿ ಬ್ಲಾಕಿನ ವಿಳಾಸ) ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿತ್ತಂತೆ.

ನಮ್ಮ ಓನರ್ ಕೇಳುತ್ತಿರುವುದು ಒಂದೇ ಪ್ರಶ್ನೆ: "ವರ್ಷಾ ವರ್ಷಾ ದುಡ್ಡು ಕಟ್ಟೋದು ನಾವು, ಅವನು ಹೆಂಗೆ ಬಳಸ್ತಾನೆ?" ಉತ್ತರ ನನಗೂ ಗೊತ್ತಿಲ್ಲ. ಆರ್‌ಒಎ (ಐಪಿ ಯಾರದ್ದು ಅನ್ನುವ ದಾಖಲೆಯಂತೆ) ಹಾಕಿಬಿಡಿ, ಮುಗೀತು ಅಂತ ಒಬ್ಬರು ಹೇಳಿದರು. ಐಪಿ ಕೊಟ್ಟವರ ಪೋರ್ಟಲ್ ತೆರೆದೆ. ಮ್ಯಾಕ್ಸ್ ಲೆಂಗ್ತ್ ಅಂತ ಒಂದು ಕಾಲಂ ನೋಡಿ ಭಯವಾಗಿ ಮುಚ್ಚಿಬಿಟ್ಟೆ. ಅದಕ್ಕೆ ಏನು ಹಾಕಬೇಕು? ಅಷ್ಟು ಮಾಡಿದರೆ ಸಾಕಾ?

ಎರಡನೇ ಪಾಳಿ

ಮುಚ್ಚಿದ್ದು ಒಳ್ಳೆಯದೇ ಆಯಿತು. ಅರ್ಧ ಗೊತ್ತಿದ್ದು ಆರ್‌ಒಎ ಹಾಕಿದರೆ ನಿಮ್ಮ ನೆಟ್‌ವರ್ಕನ್ನು ನೀವೇ ಕೆಡವಬಹುದು.

ಮೊದಲು ಓನರ್ ಪ್ರಶ್ನೆ. ಯಾವ ಐಪಿ ಎಲ್ಲಿದೆ ಅಂತ ನೆಟ್‌ವರ್ಕ್‌ಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಭಾಷೆ ಬಿಜಿಪಿ, ಅದು ಹುಟ್ಟಿದ್ದು 1989ರಲ್ಲಿ. ಆಗ ನೆಟ್‌ನಲ್ಲಿ ಇದ್ದವರೆಲ್ಲ ಹೆಚ್ಚುಕಮ್ಮಿ ಒಬ್ಬರಿಗೊಬ್ಬರು ಪರಿಚಯದವರು. ಯಾರಾದರೂ "ಈ ಐಪಿಗಳು ನನ್ನ ಹತ್ತಿರ ಇವೆ" ಅಂದರೆ ಪಕ್ಕದವನು ನಂಬುತ್ತಾನೆ, ಅವನು ತನ್ನ ಪಕ್ಕದವನಿಗೆ ಹೇಳುತ್ತಾನೆ. ಅಷ್ಟೇ. ಕೇಳಿದ ಮಾತು ನಿಜವಾ ಅಂತ ನೋಡುವ ವ್ಯವಸ್ಥೆ ಅದರ ಒಳಗೆ ಇಲ್ಲ. ಇನ್ನೊಂದು, ಚಿಕ್ಕ ಬ್ಲಾಕ್ ಯಾವಾಗಲೂ ಗೆಲ್ಲುತ್ತದೆ. ನೀವು /22 ಹೇಳುತ್ತಿದ್ದೀರಿ, ಅವನು ಅದರೊಳಗಿನ /24 ಹೇಳಿದ. ಆ ಮಾತು ಎಲ್ಲೆಲ್ಲಿ ತಲುಪಿತೋ ಅಲ್ಲೆಲ್ಲ ನಿಮ್ಮ ಟ್ರಾಫಿಕ್ ಅವನ ಮನೆಗೆ ಹೋಯಿತು. ತಲುಪದ ಕಡೆ ಎಲ್ಲ ಸರಿ ಇತ್ತು. ನಿಮ್ಮ ಯೂಟ್ಯೂಬ್ ಓಡಿದ್ದು ಅದಕ್ಕೇ.

ನಿಮ್ಮ ಹಾಗೆ ಬಿದ್ದವರಲ್ಲಿ ಯೂಟ್ಯೂಬ್ ಕೂಡ ಒಬ್ಬರು, ಸಮಾಧಾನ ಮಾಡಿಕೊಳ್ಳಿ. 2008ರ ಫೆಬ್ರವರಿ 24. ಪಾಕಿಸ್ತಾನದಲ್ಲಿ ಯೂಟ್ಯೂಬ್ ಬ್ಲಾಕ್ ಮಾಡಲು ಸರ್ಕಾರದ ಆದೇಶ ಬಂತು. ಪಾಕಿಸ್ತಾನ್ ಟೆಲಿಕಾಂ ಒಳಗಡೆ ಮಾತ್ರ ಇರಬೇಕಾಗಿದ್ದ 208.65.153.0/24 ರೂಟನ್ನು ಹೊರಗೂ ಬಿಟ್ಟಿತು. ಅದರ ಅಪ್‌ಸ್ಟ್ರೀಮ್ ಪಿಸಿಸಿಡಬ್ಲ್ಯು ಪ್ರಶ್ನೆ ಕೇಳದೆ ಜಗತ್ತಿಗೆಲ್ಲ ಹಂಚಿತು. ಯೂಟ್ಯೂಬ್ ಆಗ ಅನೌನ್ಸ್ ಮಾಡುತ್ತಿದ್ದದ್ದು /22, ಥೇಟ್ ನಿಮ್ಮ ಕಥೆ. ಅವರು ತಾವೂ /24 ಹಾಕುವಷ್ಟರಲ್ಲಿ 80 ನಿಮಿಷ ಕಳೆದಿತ್ತು. ಎರಡೂ ಕಡೆ /24 ಆಗಿ ಸಮಬಲವಾದ ಮೇಲೆ ಎರಡು /25 ಕೂಡ ಹಾಕಿದರು. ಪಿಸಿಸಿಡಬ್ಲ್ಯು ಆ ಕಡೆಯ ರೂಟ್ ಕಿತ್ತು ಹಾಕಿದ ಮೇಲೆಯೇ ಪೂರ್ತಿ ಸರಿಯಾಗಿದ್ದು, ಒಟ್ಟು ಎರಡು ಗಂಟೆ ಚಿಲ್ಲರೆ. ನೀವು ಐದೂವರೆ ಗಂಟೆ ತಗೊಂಡಿರಿ, ಅಷ್ಟೇನೂ ಕೆಟ್ಟದಾಗಿಲ್ಲ :)

ಈಗ ಆರ್‌ಒಎ. ಅದನ್ನು ಪಹಣಿ ಅಂದುಕೊಳ್ಳಿ. ಈ ಸರ್ವೆ ನಂಬರು ಈ ಹೆಸರಿನಲ್ಲಿದೆ ಅಂತ ತಾಲ್ಲೂಕು ಕಚೇರಿ ಬರೆದು ಸಹಿ ಹಾಕುತ್ತದಲ್ಲ, ಹಾಗೆ ಈ ಪ್ರಿಫಿಕ್ಸ್ ಈ ಎಎಸ್‌ನಿಂದ ಮಾತ್ರ ಹೊರಡಬೇಕು ಅಂತ ನೀವು ಬರೆದು ಡಿಜಿಟಲ್ ಸಹಿ ಹಾಕುವುದು. ನಮ್ಮಲ್ಲಿ ಐಪಿ ಐಆರ್‌ಐಎನ್‌ಎನ್ (ಭಾರತದಲ್ಲಿ ಐಪಿ ಹಂಚುವ ಸಂಸ್ಥೆ) ಕಡೆಯಿಂದ ಬಂದಿದ್ದರೆ ಅವರ ಪೋರ್ಟಲ್‌ನಲ್ಲಿ, ನೇರ ಎಪಿನಿಕ್‌ನಿಂದ (ಏಷ್ಯಾ ಪೆಸಿಫಿಕ್‌ಗೆ ಹಂಚುವ ಸಂಸ್ಥೆ) ಬಂದಿದ್ದರೆ ಮೈಎಪಿನಿಕ್‌ನಲ್ಲಿ ಮಾಡಬೇಕು. ಆದರೆ ಪಹಣಿ ಇದ್ದ ಮಾತ್ರಕ್ಕೆ ನಿಮ್ಮ ಹೊಲಕ್ಕೆ ದನ ನುಗ್ಗುವುದು ನಿಲ್ಲುವುದಿಲ್ಲ. ಯಾರೋ ಅದನ್ನು ತೆಗೆದು ನೋಡಬೇಕು. ದೊಡ್ಡ ನೆಟ್‌ವರ್ಕ್‌ಗಳು ಈಗ ನೋಡುತ್ತವೆ: ಎಟಿ ಅಂಡ್ ಟಿ 2019ರ ಫೆಬ್ರವರಿಯಿಂದ ಪೀರ್‌ಗಳ (ನೇರ ಜೋಡಣೆ ಇರುವ ಬೇರೆ ನೆಟ್‌ವರ್ಕ್‌ಗಳ) ಕಡೆಯಿಂದ ಬರುವ ಇನ್‌ವ್ಯಾಲಿಡ್, ಅಂದರೆ ಆರ್‌ಒಎಗೆ ಹೊಂದದ, ರೂಟ್ ಬಿಸಾಡುತ್ತಿದೆ, ಆಮೇಲೆ ಉಳಿದ ದೊಡ್ಡವರೂ ಒಬ್ಬೊಬ್ಬರಾಗಿ ಶುರುಮಾಡಿದರು. 2024ರ ಮೇ ಹೊತ್ತಿಗೆ ಐಪಿವಿ4 ರೂಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿಗೆ ಆರ್‌ಒಎ ಬಂದಿತ್ತು. ಹಾಗಾಗಿ ಪಹಣಿ ಇಲ್ಲದವರು ಈಗ ಅಲ್ಪಸಂಖ್ಯಾತರು, ನಿಮ್ಮನ್ನೂ ಸೇರಿಸಿ.

ಮ್ಯಾಕ್ಸ್ ಲೆಂಗ್ತ್ ಅಂದರೆ ಬ್ಲಾಕನ್ನು ಎಷ್ಟು ಚಿಕ್ಕದಾಗಿ ಒಡೆದು ಅನೌನ್ಸ್ ಮಾಡಬಹುದು ಅನ್ನುವ ಮಿತಿ. ನೀವು ನಿಜವಾಗಿ ಏನು ಅನೌನ್ಸ್ ಮಾಡುತ್ತಿದ್ದೀರೋ ಅದನ್ನೇ ಹಾಕಿ. /22 ಮಾತ್ರ ಹೋಗುತ್ತಿದೆಯಾ? ಮ್ಯಾಕ್ಸ್ ಲೆಂಗ್ತ್ 22. ಮುಂದೆ ಬೇಕಾಗಬಹುದು ಅಂತ 24 ಹಾಕಬೇಡಿ.

ರಾಗಿಮುದ್ದೆ ರೂಟರ್

ಎರಡನೇ ಪಾಳಿ ಸರ್ ಹೇಳಿದ್ದು ಪುಸ್ತಕದ ಪ್ರಕಾರ ಸರಿ, ಆದರೆ ಮ್ಯಾಕ್ಸ್ ಲೆಂಗ್ತ್ 22 ಹಾಕಿ ಕೂತಾಗ ಮತ್ತೆ ಇದೇ ಆದರೆ ಏನು ಮಾಡುತ್ತೀರಿ? ಎಲ್ಲರೂ ಇನ್‌ವ್ಯಾಲಿಡ್ ಬಿಸಾಡುವುದಿಲ್ಲ. ಬಿಸಾಡದ ಕಡೆ ಕಳ್ಳನ /24 ಓಡುತ್ತಿರುತ್ತದೆ. ಅದನ್ನು ಗೆಲ್ಲಲು ನೀವೂ /24 ಹಾಕಬೇಕು, ಹಾಕಿದರೆ ನಿಮ್ಮದೇ ಆರ್‌ಒಎ ಪ್ರಕಾರ ನಿಮ್ಮದೂ ಇನ್‌ವ್ಯಾಲಿಡ್, ನಿಮ್ಮ ಅಪ್‌ಸ್ಟ್ರೀಮೇ ಅದನ್ನು ಬಿಸಾಡುತ್ತಾನೆ. ಆ ಹೊತ್ತಲ್ಲಿ ಹೊಸ ಆರ್‌ಒಎ ಮಾಡಿ, ಅದು ಎಲ್ಲರ ವ್ಯಾಲಿಡೇಟರ್‌ಗೂ (ಆರ್‌ಒಎ ತೆಗೆದು ನೋಡುವ ಸಾಫ್ಟ್‌ವೇರ್) ಇಳಿಯುವ ತನಕ ಕಾಯುತ್ತಾ, ಇತ್ತ ನಾಲ್ಕು ಸಾವಿರ ಮನೆಯವರಿಂದ ಬೈಸಿಕೊಳ್ಳುತ್ತಾ... ಬೇಡ ಸರ್.

ನಾನು ಮಾಡುವುದು ಇಷ್ಟೇ. ನಾಲ್ಕೂ /24 ಯಾವಾಗಲೂ ಅನೌನ್ಸ್ ಮಾಡಿ, /22 ಕೂಡ ಜೊತೆಗೆ ಇರಲಿ. ಪ್ರತಿಯೊಂದಕ್ಕೂ ಬೇರೆ ಬೇರೆ ಆರ್‌ಒಎ ಹಾಕಿ. ಐಪಿವಿ4ನಲ್ಲಿ /24ಕ್ಕಿಂತ ಚಿಕ್ಕದನ್ನು ಹೆಚ್ಚಿನವರು ತೆಗೆದುಕೊಳ್ಳುವುದಿಲ್ಲ, ಅಂದರೆ ನಿಮಗಿಂತ ಚಿಕ್ಕದು ಹಾಕಿ ಗೆಲ್ಲುವ ದಾರಿ ಬಹುಮಟ್ಟಿಗೆ ಮುಚ್ಚಿದ ಹಾಗೆ.

ಇನ್ನೊಂದು ಮಾತು, ಮಂಗಳವಾರದ ಪಾಠ ಆರ್‌ಒಎ ಅಲ್ಲವೇ ಅಲ್ಲ. ನಿಮಗೆ ಗೊತ್ತಾಗಲು ಮೂರು ಗಂಟೆ ಹಿಡಿಯಿತು, ಅದು. ಬಿಜಿಪಿಅಲರ್ಟರ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಹಳೇ ಡೆಸ್ಕ್‌ಟಾಪ್ ಸಾಕು. ನಿಮ್ಮ ಪ್ರಿಫಿಕ್ಸ್ ಬೇರೆ ಎಎಸ್‌ನಿಂದ ಕಂಡರೆ ಕೆಲವೇ ನಿಮಿಷದಲ್ಲಿ ಟೆಲಿಗ್ರಾಂಗೆ ಮೆಸೇಜ್ ಹಾಕುತ್ತದೆ. ಓಎಲ್‌ಟಿ ರೀಬೂಟ್ ಮಾಡುವ ಪಾಪ ತಪ್ಪುತ್ತದೆ.

ಎರಡನೇ ಪಾಳಿ

ಅಲರ್ಟ್ ವಿಷಯದಲ್ಲಿ ಪೂರ್ತಿ ಒಪ್ಪಿಗೆ. ಎಲ್ಲವನ್ನೂ /24 ಮಾಡಿ ಚೂರು ಚೂರು ಹಾಕುವುದು ಮಾತ್ರ ನನಗೆ ಸರಿ ಬರುವುದಿಲ್ಲ. ಜಗತ್ತಿನ ರೂಟ್‌ಗಳ ಪಟ್ಟಿ, ಅಂದರೆ ಟೇಬಲ್, ಈಗಲೇ ಹತ್ತು ಲಕ್ಷದ ಆಸುಪಾಸಿನಲ್ಲಿದೆ, ಪ್ರತಿಯೊಬ್ಬರೂ ಒಂದನ್ನು ಐದು ಮಾಡಿದರೆ ಆ ಭಾರ ಹೊರುವುದು ಯಾರದ್ದೋ ರೂಟರ್, ಅಲ್ವಾ? ಎಲ್ಲರೂ ಮನೆ ಮುಂದಿನ ರಸ್ತೆಗೆ ಒಂದೊಂದು ಹಂಪ್ ಹಾಕಿಸಿಕೊಂಡ ಹಾಗೆ. ಬೇಕಾದರೆ ಸಿಜಿನ್ಯಾಟ್ ಪೂಲ್ ಇರುವ ಆ ಒಂದು /24 ಮಾತ್ರ ಹಾಕಲಿ. ಪೆಟ್ಟು ಬಿದ್ದರೆ ತಡೆಯಲಾರದ ಜಾಗ ಅದೊಂದೇ.

ಕೇಬಲ್‌ಮನೆ

ಇಬ್ಬರಿಗೂ ಧನ್ಯವಾದ. ಪಹಣಿ ಅಂದ ತಕ್ಷಣ ಓನರ್‌ಗೆ ಅರ್ಥವಾಯಿತು. ಅವರ ಮನೆಯ ಜಮೀನು ಕೇಸು ಹದಿನಾಲ್ಕು ವರ್ಷದಿಂದ ನಡೆಯುತ್ತಿದೆ.

ಹಾಗಾದರೆ /22ಕ್ಕೆ ಒಂದು, ಮೂರನೇ /24ಕ್ಕೆ ಒಂದು, ಎರಡೂ ನಮ್ಮ ಎಎಸ್ ಹೆಸರಿನಲ್ಲಿ. ಇವತ್ತು ರಾತ್ರಿ ಮಾಡಿಬಿಡುತ್ತೇನೆ. ಪಕ್ಕದ ತಾಲ್ಲೂಕಿನ ಆಪರೇಟರ್ ನಮ್ಮ ನಾಲ್ಕನೇ /24 ಬಳಸುತ್ತಿದ್ದಾರೆ, ಅವರಿಗೆ ಸ್ವಂತ ಎಎಸ್ ಇದೆ, ಅವರೇ ಅನೌನ್ಸ್ ಮಾಡಿಕೊಳ್ಳುತ್ತಾರೆ, ಹಾಗಾಗಿ ಅದರ ಗೊಡವೆ ನಮಗಿಲ್ಲ.

ಎರಡನೇ ಪಾಳಿ

ನಿಲ್ಲಿ ನಿಲ್ಲಿ ನಿಲ್ಲಿ.

ಇದನ್ನು ಮೊದಲೇ ಹೇಳಬೇಕಿತ್ತು. /22ಕ್ಕೆ ನಿಮ್ಮ ಎಎಸ್ ಹೆಸರಿನಲ್ಲಿ ಆರ್‌ಒಎ ಬಂದ ಕ್ಷಣ ಅದರ ಒಳಗಿನ ನಾಲ್ಕೂ /24 ಅದರ ನೆರಳಿಗೆ ಬರುತ್ತವೆ. ಈಗ ಆ ಆಪರೇಟರ್‌ನ ರೂಟ್ "ನಾಟ್ ಫೌಂಡ್" ಸ್ಥಿತಿಯಲ್ಲಿದೆ, ಅಂದರೆ ದಾಖಲೆಯೇ ಇಲ್ಲ, ಹಾಗಾಗಿ ಎಲ್ಲರೂ ಬಿಡುತ್ತಾರೆ. ನಿಮ್ಮ ಆರ್‌ಒಎ ಬಂದ ಮೇಲೆ ಅದು ಇನ್‌ವ್ಯಾಲಿಡ್. ಅವರ ಇಡೀ ತಾಲ್ಲೂಕು ಕತ್ತಲು, ಅದೂ ನಡುರಾತ್ರಿ, ಅದೂ ನಿಮ್ಮ ಕೈಯಿಂದ. ಹೈಜಾಕ್‌ಗಿಂತ ಇಂಥ ಸ್ವಂತ ಎಡವಟ್ಟನ್ನೇ ನಾನು ಜಾಸ್ತಿ ನೋಡಿರುವುದು. ನಾನೂ ಒಮ್ಮೆ ಮಾಡಿದ್ದೇನೆ, ಆ ಗಿರಾಕಿ ಇವತ್ತಿಗೂ ನನ್ನ ಫೋನ್ ಎತ್ತುವುದಿಲ್ಲ.

ಮೊದಲು ನಾಲ್ಕನೇ /24ಕ್ಕೆ ಅವರ ಎಎಸ್ ನಂಬರ್ ಹಾಕಿ ಆರ್‌ಒಎ ಮಾಡಿ. ಒಂದು ಗಂಟೆ ಬಿಟ್ಟು ಬಿಜಿಪಿ ಟೂಲ್ಸ್ ಸೈಟಿನಲ್ಲೋ ರೈಪ್‌ಸ್ಟ್ಯಾಟ್‌ನಲ್ಲೋ ಅದು ವ್ಯಾಲಿಡ್ ಅಂತ ಕಾಣುತ್ತಿದೆಯಾ ನೋಡಿ. ಆಮೇಲೆ ನಿಮ್ಮ ಮೂರನೇ /24. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ /22. ಒಳಗಿನ ಚಿಕ್ಕವು ಮೊದಲು, ಹೊರಗಿನ ದೊಡ್ಡದು ಕೊನೆಗೆ. ಡಿಡಾಸ್ (ಸುಳ್ಳು ಟ್ರಾಫಿಕ್ ಸುರಿದು ಮುಳುಗಿಸುವ ದಾಳಿ) ಬಂದಾಗ ಟ್ರಾಫಿಕ್ ತೊಳೆದು ಕೊಡುವ ಕಂಪನಿ ಏನಾದರೂ ಇಟ್ಟುಕೊಂಡಿದ್ದರೆ ಅವರ ಎಎಸ್ ಕೂಡ ಈಗಲೇ ಸೇರಿಸಿ. ಒಂದೇ ಪ್ರಿಫಿಕ್ಸ್‌ಗೆ ಎರಡು ಆರ್‌ಒಎ ಇದ್ದರೆ ತಪ್ಪೇನಿಲ್ಲ, ಯಾವುದಾದರೂ ಒಂದು ಹೊಂದಿದರೆ ವ್ಯಾಲಿಡ್.

ದೂರದೂರು

ನಾನು ನೆದರ್‌ಲ್ಯಾಂಡ್ಸ್‌ನಲ್ಲಿ ಒಂದು ಹೋಸ್ಟಿಂಗ್ ಕಂಪನಿಯಲ್ಲಿ ಇದೇ ಕೆಲಸ ಮಾಡುತ್ತೇನೆ, ಊರು ಸಾಗರದ ಕಡೆ. ಎರಡು ವಿಷಯ ಸೇರಿಸುತ್ತೇನೆ.

ಮ್ಯಾಕ್ಸ್ ಲೆಂಗ್ತ್ 24 ಯಾಕೆ ಬೇಡ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಆರ್‌ಒಎ ನೋಡುವುದು ಬ್ಲಾಕಿನ ಗಾತ್ರ ಮತ್ತು ದಾರಿಯ ಕೊನೆಯ ಎಎಸ್ ಯಾವುದು ಅಂತ ಮಾತ್ರ, ನಡುವಿನ ದಾರಿಯನ್ನಲ್ಲ. ಕಳ್ಳ ಜಾಣನಾಗಿದ್ದರೆ ತನ್ನ ಹೆಸರು ಕೊನೆಗೆ ಹಾಕುವುದಿಲ್ಲ, ನಿಮ್ಮ ಎಎಸ್ ನಂಬರನ್ನೇ ಕೊನೆಗೆ ಇಟ್ಟು "ಅವರ ಮನೆಗೆ ದಾರಿ ನನ್ನ ಮೂಲಕ" ಅನ್ನುತ್ತಾನೆ. ನೀವು /22 ಮಾತ್ರ ಅನೌನ್ಸ್ ಮಾಡುತ್ತಾ ಮ್ಯಾಕ್ಸ್ ಲೆಂಗ್ತ್ 24 ಬಿಟ್ಟಿದ್ದರೆ ಅವನ ಸುಳ್ಳು /24 ಕೂಡ ವ್ಯಾಲಿಡ್! ಖಾಲಿ ಸ್ಟ್ಯಾಂಪ್ ಪೇಪರ್ ಮೇಲೆ ನೀವೇ ಸಹಿ ಹಾಕಿ ಕೊಟ್ಟ ಹಾಗೆ. 2022ರ ಆಗಸ್ಟ್‌ನಲ್ಲಿ ಸೆಲರ್ ಬ್ರಿಡ್ಜ್ ಎಂಬ ಕ್ರಿಪ್ಟೊ ಸೇವೆಗೆ ಆಗಿದ್ದು ಇದೇ. ಅದು ಅಮೆಜಾನ್ ಐಪಿ ಮೇಲೆ ಇತ್ತು. ಅಮೆಜಾನ್‌ನ ಆರ್‌ಒಎ ದೊಡ್ಡದೊಂದು ಬ್ಲಾಕಿಗೆ /24 ತನಕ ಒಪ್ಪುತ್ತಿತ್ತು. ಕಳ್ಳರು ಅಮೆಜಾನ್ ಹೆಸರನ್ನೇ ಕೊನೆಗೆ ಇಟ್ಟು ಒಂದು /24 ಹೊರಡಿಸಿದರು, ಬಳಕೆದಾರರಿಂದ ಎರಡು ಲಕ್ಷ ಡಾಲರ್‌ಗೂ ಜಾಸ್ತಿ ಎತ್ತಿದರು. ಅಮೆಜಾನ್‌ನಂಥವರೇ ಎಡವಿದ ಜಾಗ ಇದು, ನಾವು ನೀವು ಯಾವ ಲೆಕ್ಕ.

ನೀವು ನಿಜವಾಗಿ ಆ /24 ಅನೌನ್ಸ್ ಮಾಡುತ್ತಿದ್ದರೆ ಕಳ್ಳನ ದಾರಿ ನಿಮ್ಮದಕ್ಕಿಂತ ಒಂದು ಹೆಜ್ಜೆಯಾದರೂ ಉದ್ದವಾಗುತ್ತದೆ. ಪೂರ್ತಿ ತಪ್ಪುವುದಿಲ್ಲ, ಆದರೆ ಅರ್ಧ ಜಗತ್ತಾದರೂ ನಿಮ್ಮ ಕಡೆ ಇರುತ್ತದೆ. ದಾರಿಯನ್ನೂ ಪರೀಕ್ಷೆ ಮಾಡುವ ಎಎಸ್‌ಪಿಎ ಬರುತ್ತಿದೆ. ಅದು ಎಲ್ಲ ಕಡೆ ಬರುವ ತನಕ ಅಪ್‌ಸ್ಟ್ರೀಮ್ ಫಿಲ್ಟರ್ ಮೇಲೆಯೇ ನಂಬಿಕೆ.

ಎರಡನೆಯದು ಪಾಸ್‌ವರ್ಡ್. ನಗಬೇಡಿ. 2024ರ ಜನವರಿ 3ರಂದು ಆರೆಂಜ್ ಸ್ಪೇನ್‌ನ ಇಂಟರ್ನೆಟ್ ಕೆಲವು ಗಂಟೆ ಕುಸಿಯಿತು. ಯಾರೂ ಅವರ ರೂಟರ್ ಮುಟ್ಟಿರಲಿಲ್ಲ. ಯುರೋಪಿನ ಕಡೆ ಐಪಿ ಹಂಚುವ ರೈಪ್ ಸಂಸ್ಥೆಯ ಪೋರ್ಟಲ್‌ನ ಅವರ ಅಕೌಂಟಿಗೆ ಒಬ್ಬ ನುಗ್ಗಿ, ಅವರ ಪ್ರಿಫಿಕ್ಸ್‌ಗಳಿಗೆ ಬೇರೆ ಎಎಸ್ ಹೆಸರಿನಲ್ಲಿ ಆರ್‌ಒಎ ಬರೆದ. ಆರೆಂಜ್‌ನ ಸ್ವಂತ ರೂಟ್‌ಗಳಲ್ಲಿ ಬಹಳಷ್ಟು ಇನ್‌ವ್ಯಾಲಿಡ್ ಆಗಿ, ಜಗತ್ತೇ ಶಿಸ್ತಾಗಿ ಅವುಗಳನ್ನು ಬಿಸಾಡಿತು. ಪಾಸ್‌ವರ್ಡ್ ಏನಿತ್ತು ಅಂದುಕೊಂಡಿರಿ? ರೈಪ್‌ಅಡ್ಮಿನ್. ಒಟಿಪಿ ತರಹದ ಎರಡನೇ ಬೀಗವೂ ಇರಲಿಲ್ಲ. ಪಹಣಿ ತಿದ್ದುವ ಕಂಪ್ಯೂಟರಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಇವತ್ತೇ ನೋಡಿಕೊಳ್ಳಿ.

ರಾಗಿಮುದ್ದೆ ರೂಟರ್

ಕೇಬಲ್‌ಮನೆ ಅಣ್ಣ, ನಿಮ್ಮ ರೂಟರ್ ಮೈಕ್ರೋಟಿಕ್ಕಾ? ವ್ಯಾಲಿಡೇಟರ್ ಕೂರಿಸುವ ಯೋಚನೆ ಇದೆಯಾ?

ಕೇಬಲ್‌ಮನೆ

ಮೈಕ್ರೋಟಿಕ್ ಸಿಸಿಆರ್. ರೂಟರ್ ಓಎಸ್ ಇನ್ನೂ 6ರಲ್ಲೇ ಇದೆ. ಎರಡೂ ಅಪ್‌ಸ್ಟ್ರೀಮ್‌ನಿಂದ ಡಿಫಾಲ್ಟ್ ರೂಟ್ ಮಾತ್ರ, ಅಂದರೆ ಎಲ್ಲವನ್ನೂ ನನ್ನ ಕಡೆ ಕಳಿಸು ಅನ್ನುವ ಒಂದೇ ದಾರಿ, ತೆಗೆದುಕೊಳ್ಳುತ್ತೇವೆ.

ರಾಗಿಮುದ್ದೆ ರೂಟರ್

ಹಾಗಿದ್ದರೆ ಸುಮ್ನೆ ಆ ತಲೆನೋವು ಬೇಡ. 6ರಲ್ಲಿ ಆರ್‌ಪಿಕೆಐ (ಆರ್‌ಒಎ ಪರೀಕ್ಷೆಯ ವ್ಯವಸ್ಥೆ) ಇಲ್ಲ, 7ಕ್ಕೆ ಹೋಗಬೇಕು. ಹೋದರೂ ಡಿಫಾಲ್ಟ್ ಒಂದೇ ಬರುವಾಗ ಪರೀಕ್ಷೆ ಮಾಡಲು ನಿಮ್ಮ ಹತ್ತಿರ ರೂಟ್‌ಗಳೇ ಇರುವುದಿಲ್ಲ. ಮುಂದೆ ಎಕ್ಸ್‌ಚೇಂಜ್‌ಗೆ (ನೆಟ್‌ವರ್ಕ್‌ಗಳು ಒಂದೆಡೆ ಕೂಡುವ ಜಾಗ) ಸೇರಿ ಪೂರ್ತಿ ಟೇಬಲ್ ತೆಗೆದುಕೊಂಡಾಗ ರೌಟಿನೇಟರೋ ಆರ್‌ಪಿಕೆಐ-ಕ್ಲೈಂಟೋ ಯಾವುದಾದರೂ ವ್ಯಾಲಿಡೇಟರನ್ನು ಒಂದು ಸಣ್ಣ ಲಿನಕ್ಸ್ ಡಬ್ಬಿಯಲ್ಲಿ ಹಾಕಿಕೊಳ್ಳಿ. ಈಗ ಹೊರಗೆ ಹೋಗುವ ಕಡೆ ಫಿಲ್ಟರ್ ಬಿಗಿ ಮಾಡಿ: ನಿಮ್ಮ /22, ಆ ಒಂದು /24, ಉಳಿದದ್ದೆಲ್ಲ ರಿಜೆಕ್ಟ್. ಇಲ್ಲದಿದ್ದರೆ ಮುಂದಿನ ಮಂಗಳವಾರ ಬೇರೆ ಊರಿನವರು ಇಲ್ಲಿ ನಿಮ್ಮ ಬಗ್ಗೆ ಪೋಸ್ಟ್ ಹಾಕುತ್ತಾರೆ. ದೊಡ್ಡವರಿಗೂ ಇದು ಆಗುತ್ತದೆ. 2021ರ ಏಪ್ರಿಲ್‌ನಲ್ಲಿ ವೊಡಾಫೋನ್ ಐಡಿಯಾದ ಎಎಸ್ 55410ನಿಂದ 30 ಸಾವಿರಕ್ಕೂ ಜಾಸ್ತಿ ಪ್ರಿಫಿಕ್ಸ್ ತಪ್ಪಾಗಿ ಹೊರಬಿದ್ದಿದ್ದವು.

ಆಮೇಲೆ ಅಪ್‌ಸ್ಟ್ರೀಮ್‌ಗೆ ಒಂದು ಮೇಲ್ ಹಾಕಿ, ನೀವು ಇನ್‌ವ್ಯಾಲಿಡ್ ಬಿಸಾಡುತ್ತೀರಾ, ಗಿರಾಕಿಗಳ ಪ್ರಿಫಿಕ್ಸ್‌ಗೆ ಫಿಲ್ಟರ್ ಇದೆಯಾ ಅಂತ ಕೇಳಿ. ಎಲ್‌ಒಎ (ಅನೌನ್ಸ್ ಮಾಡಲು ಒಪ್ಪಿಗೆ ಪತ್ರ) ಕೇಳುತ್ತೇವೆ ಸರ್ ಅಂದರೆ ನಂಬಬೇಡಿ. ಲೆಟರ್‌ಹೆಡ್ ಮೇಲೆ ಸೀಲ್ ಹೊಡೆದ ಪಿಡಿಎಫ್ ಅದು, ಜೆರಾಕ್ಸ್ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ. ಅವರ ನಾಕ್‌ನಲ್ಲಿ (ನೆಟ್‌ವರ್ಕ್ ಕಂಟ್ರೋಲ್ ರೂಮ್) ರೂಟರ್ ಮುಟ್ಟುವ ಒಬ್ಬರ ಮೊಬೈಲ್ ನಂಬರ್ ಸಂಪಾದಿಸಿ ಇಟ್ಟುಕೊಳ್ಳಿ. ಅದಕ್ಕೆ ಯಾವ ಸಾಫ್ಟ್‌ವೇರೂ ಸಮ ಇಲ್ಲ.

ದೂರದೂರು

ಮೇಲ್ ಅಂದಿರಿ, ನೆನಪಾಯಿತು. ನಿಮ್ಮ ಮೇಲ್ ಸರ್ವರ್ ಅದೇ /22ರಲ್ಲಿ ಇದ್ದರೆ ಹೈಜಾಕ್ ಆದಾಗ ಉತ್ತರವೂ ಕಳ್ಳನ ಮನೆಗೇ ಹೋಗುತ್ತದೆ. ಹೂಈಸ್‌ನಲ್ಲಿ (ಐಪಿ ಯಾರದ್ದು ಅಂತ ತೋರಿಸುವ ಪಟ್ಟಿ) ಹೊರಗಿನ ಒಂದು ಮೇಲ್ ವಿಳಾಸ ಕೊಡಿ. ಅಲರ್ಟ್ ಡೆಸ್ಕ್‌ಟಾಪ್ ಕೂಡ ನಿಮ್ಮ ನೆಟ್‌ವರ್ಕ್ ಮೇಲೆ ಇರದಿರಲಿ.

ಕೇಬಲ್‌ಮನೆ

ಮೂರು ದಿನ ಆದ ಮೇಲೆ ಬರೆಯುತ್ತಿದ್ದೇನೆ. ತಡವಾಗಿದ್ದಕ್ಕೆ ಕಾರಣ, ಪೋರ್ಟಲ್‌ನಲ್ಲಿದ್ದ ಮೇಲ್ ಐಡಿ ನಮ್ಮಲ್ಲಿ 2019ರಲ್ಲಿ ಕೆಲಸ ಬಿಟ್ಟ ಹುಡುಗನದ್ದು. ಅವನು ಈಗ ದುಬೈನಲ್ಲಿ ಇದ್ದಾನೆ, ಒಳ್ಳೆಯವನು, ಪಾಸ್‌ವರ್ಡ್ ರೀಸೆಟ್ ಲಿಂಕ್ ಬಂದ ತಕ್ಷಣ ವಾಟ್ಸಾಪ್ ಮಾಡಿದ. ಕೆಟ್ಟವನಾಗಿದ್ದರೆ ಅಂತ ಯೋಚಿಸಿದರೆ ಈಗಲೂ ಬೆವರು ಬರುತ್ತದೆ. ಮೇಲ್ ಐಡಿ ಬದಲಾಯಿಸಿದೆ.

ಪಕ್ಕದ ತಾಲ್ಲೂಕಿನವರ /24 ಮೊದಲು, ಆಮೇಲೆ ನಮ್ಮದು, ಕೊನೆಗೆ /22. ಮೂರೂ ವ್ಯಾಲಿಡ್. ಯಾರ ಫೋನೂ ಬರಲಿಲ್ಲ, ಅದೇ ದೊಡ್ಡ ಸಂತೋಷ. ಅಲರ್ಟರ್ ನನ್ನ ತಮ್ಮನ ಅಂಗಡಿಯಲ್ಲಿ, ಬೇರೆ ಕಂಪನಿಯ ಕನೆಕ್ಷನ್ ಮೇಲೆ ಕೂತಿದೆ. ಒಬ್ಬ ಅಪ್‌ಸ್ಟ್ರೀಮ್ ಇನ್‌ವ್ಯಾಲಿಡ್ ಬಿಸಾಡುತ್ತೇವೆ ಅಂತ ಉತ್ತರ ಕೊಟ್ಟ. ಇನ್ನೊಬ್ಬನ ಕಡೆ ಟಿಕೆಟ್ ರೈಸ್ ಆಗಿದೆ.

ದೂರದೂರು

ಐಪಿವಿ6?

ಕೇಬಲ್‌ಮನೆ

ಅಯ್ಯೋ. /32 ಒಂದು ಇದೆ, ಐಪಿ ತೆಗೆದುಕೊಂಡಾಗ ಜೊತೆಯಲ್ಲೇ ಬಂದಿತ್ತು. ಒಂದು ದಿನವೂ ಅನೌನ್ಸ್ ಮಾಡಿಲ್ಲ. ಅದಕ್ಕೂ ನಮ್ಮ ಎಎಸ್ ಹಾಕಿ ಮಾಡಿಬಿಡಲಾ?

ದೂರದೂರು

ನಿಮ್ಮ ಎಎಸ್ ಬೇಡ. ನೀವು ಅಲ್ಲಿ ಇಲ್ಲವೇ ಇಲ್ಲ, ಯಾರಾದರೂ ನಿಮ್ಮ ಹೆಸರು ಹೇಳಿಕೊಂಡು ಪೂರ್ತಿ ಬ್ಲಾಕಿನಲ್ಲಿ ಸಂಸಾರ ಹೂಡಬಹುದು. ಎಎಸ್ 0 ಅಂತ ಬರೆದು ಆರ್‌ಒಎ ಹಾಕಿ. ಇಲ್ಲಿಂದ ಯಾರೂ ಹೊರಡಬಾರದು ಅಂತ ಅದರ ಅರ್ಥ, ಖಾಲಿ ಸೈಟಿಗೆ ಬೇಲಿ ಹಾಕಿ ಬೋರ್ಡ್ ನೆಟ್ಟ ಹಾಗೆ. ಮುಂದೆ ಐಪಿವಿ6 ಶುರು ಮಾಡುವ ದಿನ ಮೊದಲು ನಿಮ್ಮ ಎಎಸ್‌ಗೆ ಒಂದು ಆರ್‌ಒಎ ಹಾಕಿ, ಆಮೇಲೆ ಅನೌನ್ಸ್ ಮಾಡಿ.

ಕೇಬಲ್‌ಮನೆ

ಬೇಲಿ ಹಾಕಲು ಹೊರಟೆ. ಓನರ್ ಕೇಳುತ್ತಿದ್ದಾರೆ, ಆ ಸೈಟು ಎಷ್ಟು ದೊಡ್ಡದು ಅಂತ. ಹೇಳಿದರೆ ನಂಬುವುದಿಲ್ಲ.